ಗುಳಿಗೆಗೆ ಮುಯ್ಯಿ ಇಲ್ಲ

ಹೂವಿನ ಹಿಪ್ಪರಗಿಯ ಆ ಓಣಿಯಲ್ಲಿ ಯಾರ ಮನೆಯಲ್ಲೂ ಏನೂ ಪೂರ್ತಿ ತೀರುವುದಿಲ್ಲ. ಒಬ್ಬರಲ್ಲಿ ಜೋಳದ ಹಿಟ್ಟು ಮುಗಿದರೆ ಪಕ್ಕದ ಮನೆಯಿಂದ ಒಂದು ಸೇರು ಬರುತ್ತದೆ, ನಾಲ್ಕು ದಿನ ಬಿಟ್ಟು ಅಷ್ಟೇ ಹಿಟ್ಟು ವಾಪಸು ಹೋಗುತ್ತದೆ. ಇವತ್ತು ಅವರು ಇವರ ಹೊಲದ ಕಸ ತೆಗೆದರೆ ನಾಳೆ ಇವರು ಅವರ ಹೊಲಕ್ಕೆ. ಇದಕ್ಕೆ ಮುಯ್ಯಿ ಅನ್ನುತ್ತಾರೆ. ಬಲು ಒಳ್ಳೆಯ ಪದ್ಧತಿ. ಆದರೆ ರೇಣವ್ವ ಅದನ್ನು ಗುಳಿಗೆಗೂ ಹಚ್ಚಿದ್ದಳು.

ರೇಣವ್ವನಿಗೆ ಬಿ.ಪಿ. ಇತ್ತು. ಬಾಗೇವಾಡಿಯ ದವಾಖಾನೆಯಲ್ಲಿ ಡಾಕ್ಟರು ನೋಡಿ, ದಿನಕ್ಕೊಂದು ಗುಳಿಗೆ, ತಪ್ಪಿಸಬಾರದು ಎಂದು ಚೀಟಿ ಬರೆದುಕೊಟ್ಟಿದ್ದರು. ಆ ಚೀಟಿ ಹಳೆಯದಾಗಿ, ಮಡಿಕೆಯಲ್ಲಿ ಹರಿದು, ಅಕ್ಷರ ಅಳಿಸಿ ಹೋಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಔಷಧ ಅಂಗಡಿ ಇಟ್ಟಿದ್ದ ಸಂಜೀವಕುಮಾರ ಎರಡು ವರ್ಷದ ಹಿಂದೆ ಅದನ್ನು ನೋಡಿ, ಇನ್ನೊಮ್ಮೆ ಡಾಕ್ಟರಿಗೆ ತೋರಿಸಿ ಹೊಸ ಚೀಟಿ ತನ್ನಿರಿ ಎಂದಿದ್ದ. ರೇಣವ್ವನಿಗೆ ಸಿಟ್ಟು ನೆತ್ತಿಗೇರಿತು. ಗುಳಿಗೆ ಕೇಳಿದರೆ ಹೊಲದ ಉತಾರ, ಪಹಣಿ ಕೇಳಿದ ಹಾಗೆ ಚೀಟಿ ಕೇಳುತ್ತಾನೆ ಎಂದು ಓಣಿಗೆಲ್ಲ ಹೇಳಿ ಬಂದಳು. ಬಾಗೇವಾಡಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ, ಬಸ್ಸಿನ ನೂಕುನುಗ್ಗಲು. ಅದರ ಬದಲು ಎದುರು ಮನೆಯ ಸಿದ್ದಲಿಂಗವ್ವ ಇದ್ದಳಲ್ಲ, ಅವಳಿಗೂ ಬಿ.ಪಿ. ಇತ್ತು. ಬಾಗೇವಾಡಿಗೆ ಹೋದವರ ಕೈಯಲ್ಲಿ ಆಗೊಮ್ಮೆ ಈಗೊಮ್ಮೆ ಇಬ್ಬರೂ ಗುಳಿಗೆ ತರಿಸಿಕೊಳ್ಳುತ್ತಿದ್ದರು. ಅವಳದು ತೀರಿದಾಗ ಇವಳು ಕೊಡುವುದು, ಇವಳದು ತೀರಿದಾಗ ಅವಳು ಕೊಡುವುದು, ಹೀಗೆ ಗುಳಿಗೆಗಳು ಓಣಿ ದಾಟುತ್ತಿದ್ದವು.

ಅಂಥ ಹೊತ್ತಿನಲ್ಲಿ ವಿಜಾಪುರದ ರೇಡಿಯೋ ಕೇಂದ್ರದಿಂದ ಕಾಗದ ಬಂತು. ‘ರೇಣವ್ವ ಮತ್ತು ಸಂಗಡಿಗರು’ ಗುರುವಾರ ಬಂದು ಸೋಬಾನೆ ಪದ ಹಾಡಬೇಕು, ರೆಕಾರ್ಡು ಮಾಡಿಕೊಳ್ಳುತ್ತೇವೆ ಎಂದು ಟೈಪು ಮಾಡಿದ್ದರು. ರೇಣವ್ವ ಆ ಕಾಗದವನ್ನು ನಾಲ್ಕು ಮಂದಿಯಿಂದ ಓದಿಸಿದಳು, ನಾಲ್ಕು ಸಲವೂ ತನ್ನ ಹೆಸರು ಬಂದಾಗ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ನಲವತ್ತು ವರ್ಷ ಮದುವೆ ಚಪ್ಪರದಲ್ಲಿ ಹಾಡಿದ ದನಿ ಇನ್ನು ಊರೂರಿಗೆ ಕೇಳಿಸುವುದು ಅಂದರೆ ಸಣ್ಣ ಮಾತೇ? ಮೇಳದ ಹೆಂಗಸರಿಗೆಲ್ಲ ಹುಚ್ಚೇ ಹಿಡಿಯಿತು. ದನಿ ಕೆಡುತ್ತದೆಂದು ಕಾಶಿಬಾಯಿ ಮಜ್ಜಿಗೆ ಬಿಟ್ಟಳು. ರೇಡಿಯೋದಲ್ಲಿ ಸೀರೆ ಕಾಣುವುದಿಲ್ಲ ಎಂದು ರೇಣವ್ವನ ಗಂಡ ಧರೆಪ್ಪ ಎಷ್ಟು ಹೇಳಿದರೂ ಎಲ್ಲರೂ ಇಳಕಲ್ ಸೀರೆಯನ್ನೇ ಉಡುವುದೆಂದು ತೀರ್ಮಾನವಾಯಿತು.

ಈ ಗದ್ದಲದಲ್ಲಿ ರೇಣವ್ವನ ಗುಳಿಗೆ ತೀರಿ ನಾಲ್ಕು ದಿನವಾಗಿತ್ತು. ಸೋಮವಾರ ಬೆಳಿಗ್ಗೆ ತಲೆ ಭಾರವಾದಾಗ ನೆನಪಾಗಿ, ಸಿದ್ದಲಿಂಗವ್ವನಿಗೆ ಕೊಟ್ಟಿದ್ದ ಮುಯ್ಯಿ ವಾಪಸು ಕೇಳಿದಳು. ಸಿದ್ದಲಿಂಗವ್ವ ತನ್ನ ಡಬ್ಬಿಯಿಂದ ಐದು ಸಣ್ಣ ಬಿಳಿ ಗುಳಿಗೆ ಕಾಗದದಲ್ಲಿ ಕಟ್ಟಿಕೊಟ್ಟಳು. ತಪ್ಪಿದ ದಿನಗಳದ್ದೂ ಸೇರಲಿ ಎಂದು ರೇಣವ್ವ ಒಂದರ ಬದಲು ಎರಡು ನುಂಗಿದಳು. ಅವತ್ತು ಅವಳದು ಸೋಮವಾರದ ಉಪವಾಸ, ಹೊಟ್ಟೆಯಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ.

ಮಧ್ಯಾಹ್ನ ಅವಳ ಮನೆಯ ಪಡಸಾಲೆಯಲ್ಲಿ ಮೇಳ ಕೂಡಿತು. ಎರಡನೆಯ ಪದ ಎತ್ತಿಕೊಂಡಾಗ ರೇಣವ್ವನ ಕೈ ನಡುಗತೊಡಗಿತು. ಮೈಯೆಲ್ಲ ತಣ್ಣನೆಯ ಬೆವರು, ಎದೆ ಡವಡವ. ನಿದ್ದೆಗಣ್ಣಲ್ಲೂ ಹಾಡುತ್ತಿದ್ದ ಪದದ ಮುಂದಿನ ಸಾಲು ಬಾಯಿಗೆ ಬರಲೇ ಇಲ್ಲ. ಸಾಯುವುದಕ್ಕಿಂತ ಹೆಚ್ಚಿನ ಹೆದರಿಕೆ ಅವಳಿಗೆ ಅದರಿಂದಲೇ ಆಯಿತು. ನಾಲಿಗೆ ತೊದಲಿ, ಗೋಡೆಗೆ ಒರಗಿಬಿಟ್ಟಳು. ಮಗಳು ಸುವರ್ಣಾ ಬಸ್ ಸ್ಟ್ಯಾಂಡಿಗೆ ಓಡಿದಳು.

ಸಂಜೀವಕುಮಾರ ಬಿ.ಪಿ. ನೋಡುವ ಯಂತ್ರ ಹಿಡಿದುಕೊಂಡೇ ಬಂದ. ಅವಳ ಬೆವರು, ನಡುಕ ನೋಡಿದವನೇ, ಏನು ತಿಂದಿದ್ದಾರೆ, ಯಾವ ಗುಳಿಗೆ ನುಂಗಿದ್ದಾರೆ ಎಂದು ಕೇಳಿದ. ಕಾಗದದಲ್ಲಿ ಉಳಿದಿದ್ದ ಮೂರು ಗುಳಿಗೆಗೆ ಹೆಸರಿಲ್ಲ, ಪಾಕೀಟಿಲ್ಲ.

“ಇವು ಎಲ್ಲಿಂದ ಬಂದುವ್ರಿ?” ಎಂದ.

ಮೇಳದ ನಡುವಿನಿಂದ ಸಿದ್ದಲಿಂಗವ್ವ ಮುಂದೆ ಬಂದಳು. ಮುಖ ಬಿಳಿಚಿಕೊಂಡಿತ್ತು. “ನಾನs ಕೊಟ್ಟೇನಿ ತಮ್ಮಾ. ನಮ್ಮ ಡಬ್ಬ್ಯಾಗಿನ್ವು. ಅದರಾಗ ನನ್ನ ಬಿಪಿ ಗುಳಿಗಿನೂ ಅದಾವು, ನಮ್ಮ ಮನಿಯವರ ಸಕ್ರಿ ಬ್ಯಾನಿ ಗುಳಿಗಿನೂ ಅದಾವು. ಎಲ್ಲಾ ಬೆಳ್ಳನ್ವ.”

ರೇಣವ್ವ ನುಂಗಿದ್ದು ಸಕ್ಕರೆ ಕಾಯಿಲೆಯ ಗುಳಿಗೆ, ಅದರಿಂದ ಅವಳ ರಕ್ತದ ಸಕ್ಕರೆ ಕುಸಿದಿದೆ ಎಂದು ಸಂಜೀವಕುಮಾರನಿಗೆ ಹೊಳೆಯಿತು. ಲೋಟದ ನೀರಿನಲ್ಲಿ ನಾಲ್ಕು ಚಮಚ ಸಕ್ಕರೆ ಕಲಸಿ ರೇಣವ್ವನ ತುಟಿಗೆ ಹಿಡಿದ. ಅವಳು ಮುಖ ತಿರುಗಿಸಿ, ಇವತ್ತು ಸೋಮವಾರ ಎಂದು ತೊದಲಿದಳು.

“ಅಕ್ಕಾರ, ದೇವರ ಹಂತೇಕ ನಾ ಮಾಫಿ ಕೇಳ್ತೇನಿ. ನೀವು ಕುಡೀರಿ,” ಎಂದ ಸಂಜೀವಕುಮಾರ.

ಕುಡಿದಳು. ಹತ್ತು ಹದಿನೈದು ನಿಮಿಷದಲ್ಲಿ ನಡುಕ ನಿಂತಿತು, ಕಣ್ಣು ತಿಳಿಯಾಯಿತು. ಪಡಸಾಲೆಯ ತುಂಬ ಅಳುವವರೂ ನಗುವವರೂ ಒಟ್ಟಿಗೇ ಆದರು. ಎಲ್ಲ ಸರಿಹೋಯಿತಲ್ಲ, ಇನ್ನೇಕೆ ದವಾಖಾನೆ ಎಂದು ಧರೆಪ್ಪ ಅಡ್ಡ ಬಂದ. ಈ ಗುಳಿಗೆ ಇನ್ನೂ ತಾಸುಗಟ್ಟಲೆ ಹೊಟ್ಟೆಯಲ್ಲಿ ಕೆಲಸ ಮಾಡುತ್ತದೆ, ಮತ್ತೊಮ್ಮೆ ರಕ್ತದಲ್ಲಿನ ಸಕ್ಕರೆ ಇಳಿದರೆ ಜೀವಕ್ಕೇ ಕುತ್ತು, ಈಗಲೇ ಹೊರಡಬೇಕು ಎಂದು ಸಂಜೀವಕುಮಾರ ಪಟ್ಟು ಹಿಡಿದ. ಉಳಿದ ಮೂರು ಗುಳಿಗೆಯನ್ನೂ ಡಾಕ್ಟರಿಗೆ ತೋರಿಸಲು ಕಟ್ಟಿಕೊಟ್ಟ. ಟೆಂಪೋ ಬಾಗೇವಾಡಿಯ ದಾರಿ ಹಿಡಿಯಿತು.

ದವಾಖಾನೆಯಲ್ಲಿ ಮರುದಿನದವರೆಗೆ ಇರಿಸಿಕೊಂಡರು. ಮತ್ತೆ ಮತ್ತೆ ಸಕ್ಕರೆ ಪರೀಕ್ಷೆ ಮಾಡಿದರು. ನಾಲ್ಕು ದಿನ ಗುಳಿಗೆ ತಪ್ಪಿದ್ದಕ್ಕೆ ಬಿ.ಪಿ.ಯೂ ಏರಿತ್ತು. ಬಿಟ್ಟ ಗುಳಿಗೆಯನ್ನು ಎರಡೆರಡು ನುಂಗಿ ತುಂಬಿಸಲು ಆಗುವುದಿಲ್ಲ ಎಂದು ಡಾಕ್ಟರು ಗದರಿದರು. ರೇಣವ್ವ ಎಲ್ಲಕ್ಕೂ ತಲೆ ಆಡಿಸಿ ಒಂದೇ ಮಾತು ಕೇಳಿದಳು, ಗುರುವಾರ ಹಾಡಬಹುದೇ? ಹೊತ್ತಿಗೆ ಸರಿಯಾಗಿ ಉಂಡು, ಹೊತ್ತಿಗೆ ಸರಿಯಾಗಿ ಗುಳಿಗೆ ತೆಗೆದುಕೊಂಡರೆ, ಬುಧವಾರ ಬಿ.ಪಿ. ಇಳಿದಿದ್ದರೆ ಹಾಡಬಹುದು ಎಂದರು.

ಅವಳು ಧೈರ್ಯ ಮಾಡಿ ಮನಸ್ಸಿನದನ್ನೂ ಹೇಳಿಬಿಟ್ಟಳು. ತಿಂಗಳು ತಿಂಗಳು ಕೂಲಿ ಬಿಟ್ಟು ಇಲ್ಲಿಗೆ ಬರಲು ಆಗುವುದಿಲ್ಲ ಸಾಹೇಬರೇ ಎಂದಳು. ಡಾಕ್ಟರಿಗೆ ನಗು ಬಂತು. ಪ್ರತಿ ತಿಂಗಳು ಬರಲು ಹೇಳಿದವರು ಯಾರು ಎಂದರು. ಹೊಸ ಚೀಟಿ ಬರೆದು, ಇದರ ಮೇಲೆ ಮೂರು ತಿಂಗಳು, ತಿಂಗಳಿಗೊಮ್ಮೆ ಗುಳಿಗೆ ಕೊಡಬೇಕು ಎಂದು ಕೆಳಗೆ ಸೇರಿಸಿ ಸಹಿ ಹಾಕಿದರು. ಊರಿನ ಔಷಧ ಅಂಗಡಿಯಲ್ಲೇ ಸಿಗುತ್ತದೆ, ಬಿ.ಪಿ.ಯನ್ನೂ ಅಲ್ಲೇ ನೋಡಿಸಿ ಬರೆಸಿಕೊಳ್ಳಿ, ಏರಿದ್ದರೆ ಕೂಡಲೇ ಬನ್ನಿ, ಇಲ್ಲದಿದ್ದರೆ ಮೂರು ತಿಂಗಳ ನಂತರ ಬನ್ನಿ. ಇಷ್ಟೇ ಇದ್ದದ್ದು! ಒಂದು ಮಾತು ಕೇಳಿದ್ದರೆ ಎರಡು ವರ್ಷದ ಸಿಟ್ಟು ತಪ್ಪುತ್ತಿತ್ತು.

ಬುಧವಾರ ರೇಣವ್ವ ಬಸ್ ಸ್ಟ್ಯಾಂಡಿಗೆ ತಾನೇ ನಡೆದು ಹೋದಳು, ಹಿಂದೆ ಇಡೀ ಮೇಳ. ಸಂಜೀವಕುಮಾರ ಬಿ.ಪಿ. ನೋಡಿದ. ಯಂತ್ರದ ಪಾದರಸ ಇಳಿಯುವುದನ್ನು ಎಂಟು ಹೆಂಗಸರು ಉಸಿರು ಹಿಡಿದು ನೋಡಿದರು. ಇಳಿದಿದೆ, ಹೋಗಿ ಹಾಡಿ ಬನ್ನಿರಿ ಎಂದ. ಒಂದು ತಿಂಗಳ ಗುಳಿಗೆ ಕೊಟ್ಟು, ಚೀಟಿಯ ಮೇಲೆ ತಾರೀಖು ಬರೆದು ಅಂಗಡಿಯ ಸಿಕ್ಕೆ ಒತ್ತಿದ, ತೀರಲು ನಾಲ್ಕು ದಿನ ಇರುವಾಗಲೇ ಬರಬೇಕೆಂದ. ಗುಳಿಗೆಯನ್ನು ಪಾಕೀಟಿನಲ್ಲೇ ಇಡಿ, ಒಬ್ಬೊಬ್ಬರದು ಒಂದೊಂದು ಡಬ್ಬಿಯಲ್ಲಿ ಇರಲಿ ಎಂದು ಸಿದ್ದಲಿಂಗವ್ವನ ಕಡೆ ನೋಡಿ ಮೆಲ್ಲಗೆ ಹೇಳಿದ. ಅವಳು ಅವತ್ತೇ ಎರಡು ಡಬ್ಬಿ ಮಾಡಿದಳು.

ಗುರುವಾರ ವಿಜಾಪುರ. ಒಳಗೆ ಕರೆಯಲು ಇನ್ನೇನು ಐದು ನಿಮಿಷ ಇರುವಾಗ ಕಾಶಿಬಾಯಿ ರೇಣವ್ವನ ಸೆರಗು ಜಗ್ಗಿದಳು. ಅವಳ ಹಣೆಯ ಮೇಲೆ ಬೆವರು.

“ಎದಿ ಡವಡವ ಅನ್ನಾಕತ್ತೈತಿ. ನಂಗೂ ಬಿಪಿ ಏರೈತಿ ಕಾಣಸ್ತೈತಿ. ನಿನ್ನ ಗುಳಿಗಿ ಒಂದು ಕೊಡ.”

ರೇಣವ್ವನ ಕೈ ಅಭ್ಯಾಸದಂತೆ ಸಂಚಿಗೆ ಹೋಯಿತು, ಅಲ್ಲೇ ನಿಂತಿತು. ಗೆಳತಿಗೆ ಇಲ್ಲ ಎಂದು ಅವಳು ಜನ್ಮದಲ್ಲಿ ಅಂದವಳಲ್ಲ.

“ನನ್ನ ಪಾಲಿನ ರೊಟ್ಟಿ ಕೇಳು, ಕೊಡ್ತೇನಿ. ಮೈಮ್ಯಾಲಿನ ಸೀರಿ ಕೇಳು, ಕೊಡ್ತೇನಿ. ಗುಳಿಗಿ ಕೊಡಂಗಿಲ್ಲ. ಕುಂದರು, ನೀರು ಕುಡಿ. ನಾಳೆ ನಾನs ನಿನ್ನ ಸಂಜೀವಕುಮಾರನ ಹಂತೇಕ ಕರಕೊಂಡು ಹೋಗ್ತೇನಿ.”

ಕಾಶಿಬಾಯಿಗೆ ಬೇಸರವಾಯಿತು, ಆದರೂ ಕುಳಿತು ನೀರು ಕುಡಿದಳು. ಒಳಗೆ ಕರೆದರು, ರೆಕಾರ್ಡಿನ ಕೆಂಪು ದೀಪ ಹತ್ತಿತು. ರೇಣವ್ವ ಎತ್ತಿದ ದನಿಗೆ ಕಾಶಿಬಾಯಿಯ ದನಿಯೂ ಕೂಡಿತು, ಒಂದು ಸಾಲೂ ತಪ್ಪಲಿಲ್ಲ.

ಮರುದಿನ ಅಂಗಡಿಯಲ್ಲಿ ಸಂಜೀವಕುಮಾರ ಕಾಶಿಬಾಯಿಯ ತೋಳಿಗೆ ಪಟ್ಟಿ ಸುತ್ತಿ ಎರಡು ಸಲ ನೋಡಿದ. ಬಿ.ಪಿ. ಇರಲೇ ಇಲ್ಲ. ಅವಳಿಗೆ ಹತ್ತಿದ್ದು ರೇಡಿಯೋದ ಹೆದರಿಕೆ. ಅಂಥವರು ಬಿ.ಪಿ. ಗುಳಿಗೆ ನುಂಗಿದರೆ ಏನಾಗುತ್ತದೆ ಎಂದು ಸುವರ್ಣಾ ಕೇಳಿದಳು. ಬಿ.ಪಿ. ಕುಸಿದು ಹಾಡುವಲ್ಲೇ ಬೀಳಬಹುದಿತ್ತು ಎಂದ. ರೇಣವ್ವ ಕಾಶಿಬಾಯಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಕೇಳಿದಿರಲ್ಲ, ಅವ್ವಂದಿರೇ, ಅಣ್ಣಂದಿರೇ? ನಿಮ್ಮ ಮನೆಯಲ್ಲಿ ದಿನಾ ಗುಳಿಗೆ ನುಂಗುವವರು ಇದ್ದರೆ ಈಗಲೇ ಎದ್ದು ಅವರ ಡಬ್ಬಿ ತೆಗೆದು ನೋಡಿ. ಇನ್ನೆಷ್ಟು ದಿನಕ್ಕೆ ಉಳಿದಿದೆ? ಚೀಟಿ ಎಲ್ಲಿದೆ? ಮುಂದಿನ ಸಲ ಡಾಕ್ಟರ ಎದುರು ಕುಳಿತಾಗ, ಎಷ್ಟು ತಿಂಗಳಿಗೆ ನಡೆಯುತ್ತದೆ ಬರೆದುಕೊಡಿ ಎಂದು ನಾಚದೆ ಕೇಳಿ. ಊರಿನ ಔಷಧ ಅಂಗಡಿಯವರು ಚೀಟಿ ಕೇಳಿದರೆ ಸಿಟ್ಟಾಗಬೇಡಿ, ಅವರು ಕೇಳುತ್ತಿರುವುದು ನಿಮ್ಮ ಜೀವದ ಸಲುವಾಗಿ. ಹಿಟ್ಟು ಕೊಡಿ, ಆಳು ಕೊಡಿ, ಸೀರೆಯನ್ನೂ ಕೊಡಿ. ಗುಳಿಗೆ ಮಾತ್ರ ಯಾರಿಗೆ ಬರೆದಿದ್ದಾರೋ ಅವರೇ ನುಂಗಲಿ.