ಬೆಳೆಯದ ರಟ್ಟಿನ ಯಂತ್ರ

ಲಿಫ್ಟ್ ಮೆಕ್ಯಾನಿಕ್ಕಿಗೆ ಮನೆಯಲ್ಲೊಂದು ಮಿಲ್ಲಿಂಗ್ ಮಷೀನ್ ಬೇಕಾಗಿತ್ತು. ಮೇಜಿನ ಮೇಲೆ ಕೂರಿಸಿ ಉಕ್ಕಿನ ತುಂಡನ್ನು ಬೇಕಾದ ಆಕಾರಕ್ಕೆ ಕೆತ್ತುವ ಯಂತ್ರ. ಕೆಲಸದಿಂದ ಬಂದ ಮೇಲೆ ಪುಟ್ಟ ಉಗಿ ಎಂಜಿನ್ ಮಾಡುವ ಹುಚ್ಚು ಅವನಿಗೆ. ಅರದಿಂದ ಉಜ್ಜಿ ಉಜ್ಜಿ ಅಂಗೈಯೆಲ್ಲ ಬೊಬ್ಬೆ.

ಅಂಗಡಿಯಲ್ಲಿ ಎರಡಿದ್ದವು. ಚಿಕ್ಕದು ಉಕ್ಕಿಗೆ ಬಾಯಿ ಹಾಕಿದರೆ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ದೊಡ್ಡದು ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಅವನ ಜೀವವೆಲ್ಲ ದೊಡ್ಡದರ ಮೇಲೆ.

ತಕರಾರು ಜಾಗದ್ದು. ಹಿಂದಿನ ಕೋಣೆಯಲ್ಲಿ ಅರ್ಧ ಅವನದು, ಅರ್ಧ ಹೆಂಡತಿಯದು. ಅವಳು ಬಟ್ಟೆ ಹೊಲಿಯುವವಳು. ಕಿಟಕಿಯ ಪಕ್ಕ ಅವಳ ಮೇಜು. ದೊಡ್ಡ ಮಷೀನ್ ಬಂದರೆ ಆ ಮೇಜು ಕತ್ತಲ ಮೂಲೆಗೆ ಹೋಗಬೇಕು. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುವವಳಿಗೆ ಬೆಳಕು ಹೋದರೆ ಕೆಲಸವೇ ಹೋದ ಹಾಗೆ.

“ಮೊದ್ಲು ರಟ್ಟಲ್ಲಿ ಮಾಡಿ ಇಡಿ, ನೋಡೋಣ” ಅಂದಳು.

ದೊಡ್ಡದಕ್ಕೆ ಅವಳು ಒಪ್ಪುವುದಿಲ್ಲವೆಂದು ಅವನು ಚಿಕ್ಕ ಮಷೀನಿನ ಅಳತೆಗೇ ರಟ್ಟು ಕೊಯ್ದು ಅಂಟಿಸಿ ನಿಲ್ಲಿಸಿದ. ಹಿಂಬದಿ ಗೋಡೆಗೆ ತಾನೆ, ಯಾರು ನೋಡುತ್ತಾರೆಂದು ತೆರೆದೇ ಬಿಟ್ಟ. ಅವಳು ಮೇಲೆ ಕೆಳಗೆ ನೋಡಿ ತಲೆಯಾಡಿಸಿದಳು.

“ನನ್ನ ತಮ್ಮ ಗಾಡಿ ತರೋವರೆಗೂ ಇಲ್ಲೇ ಇರ್ಲಿ. ಬರೋ ಮಷೀನು ಈ ರಟ್ಟಿನಷ್ಟೇ ಇರ್ಬೇಕು. ಒಂದು ಬೆರಳು ಹೆಚ್ಚಾದ್ರೂ ಅದೂ ಹೊರಗೆ, ನೀವೂ ಹೊರಗೆ.”

“ಈ ರಟ್ಟಿನಷ್ಟೇ ತಾನೆ?”

“ಈ ರಟ್ಟಿನಷ್ಟೇ.”

ಅಲ್ಲಿ ಅವನ ತಲೆಗೆ ಹುಳ ಹೊಕ್ಕಿತು. ರಟ್ಟು ಬೆಳೆಯಬಾರದೆಂದು ಯಾರು ಹೇಳಿದರು?

ಅವಳು ಗುಂಡಿ ತರಲು ಹೊರಟ ಕೂಡಲೇ ಮುಂಬದಿಗೆ ಒಂದು ಬೆರಳು ದಪ್ಪದ ರಟ್ಟು ಅಂಟಿಸಿದ. ಪಟ್ಟಿ ಕೊಯ್ಯಲು ತನ್ನ ಚಾಕುವನ್ನೇ ಹಿಡಿದ. ಅವಳ ದೊಡ್ಡ ಕತ್ತರಿ ಅಲ್ಲೇ ಇತ್ತು, ಮುಟ್ಟುವ ಎದೆಗಾರಿಕೆ ಇರಲಿಲ್ಲ. ಹಿಂದೊಮ್ಮೆ ಅದರಲ್ಲಿ ಉಕ್ಕು ಉಜ್ಜುವ ಉಪ್ಪುಕಾಗದ ಕತ್ತರಿಸಿದ್ದಕ್ಕೆ ಅವಳು ಮಾತು ಬಿಟ್ಟು, ತನ್ನೊಬ್ಬಳಿಗೇ ಅಡುಗೆ ಮಾಡಿಕೊಂಡಿದ್ದಳು. ಬಟ್ಟೆಯ ಕತ್ತರಿ ಕಾಗದ ಕಂಡರೆ ಕೆಟ್ಟಿತು ಅನ್ನುವವಳು.

ಅವಳು ಬಂದಳು, ಕೂತಳು, ಹೊಲಿದಳು. ಅವಳು ಹೊರಗೆ ಹೋದಾಗಲೆಲ್ಲ ಇನ್ನೊಂದು ಪಟ್ಟಿ ಏರಿತು. ಎಳೆ ತಪ್ಪಿದರೆ ಹಿಡಿಯುವವಳಿಗೆ ಕಣ್ಣೆದುರು ಬೆಳೆಯುವ ಡಬ್ಬ ಕಾಣುವುದಿಲ್ಲವಲ್ಲ ಎಂದು ಒಳಗೊಳಗೇ ನಕ್ಕ. ಮೇಜನ್ನು ಅವಳೇ ಚೂರುಚೂರೇ ಸರಿಸಿಕೊಳ್ಳುತ್ತಿರಬೇಕು, ಪಾಪ!

ಭಾವಮೈದ ಗಾಡಿ ತಂದ.

“ಭಾವ, ಯಾವುದು ತರೋಣ?”

“ನಿಮ್ಮಕ್ಕನ ಮಾತು ಮಾತೇ ಕಣಯ್ಯ. ರಟ್ಟು ಎಷ್ಟಿದ್ಯೋ ಅಷ್ಟೇ. ಅಳೆ!” ಎಂದು ಎದೆ ಉಬ್ಬಿಸಿ ನಿಂತ.

ಭಾವಮೈದ ಟೇಪು ಎಳೆದ. ಅಂಗಡಿಯವನು ಕೊಟ್ಟಿದ್ದ ಅಳತೆಯ ಹಾಳೆ ನೋಡಿದ. “ಚಿಕ್ಕದೇ. ಒಂದು ಕೂದಲೂ ಆಚೀಚೆ ಇಲ್ಲ.”

“ಕಣ್ಣಲ್ಲಿ ಏನು ಇಟ್ಕೊಂಡಿದ್ದೀಯೋ! ಸರಿಯಾಗಿ ಅಳೆ!”

“ಇನ್ನೇನು ಹಲ್ಲಲ್ಲಿ ಅಳೀಲಾ? ನೀವೇ ನೋಡಿ.”

“ಸಾಧ್ಯನೇ ಇಲ್ಲ! ಅಷ್ಟೊಂದು ಪಟ್ಟಿ ಅಂ...”

ಬಾಯಿ ಮುಚ್ಚಿಕೊಂಡ. ತಡವಾಗಿತ್ತು.

“ಏನಂದ್ರಿ?” ಹೆಂಡತಿ ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದಳು. “ಪಟ್ಟಿ ಏನು?”

“ಪಟ್ಟೀನೂ ಇಲ್ಲ, ಸುಡುಗಾಡೂ ಇಲ್ಲ!”

ಸಿಟ್ಟಿನಲ್ಲಿ ಡಬ್ಬವನ್ನು ಗಿರ್ರನೆ ತಿರುಗಿಸಿದ. ಮುಂದೆ ಅವನ ಪಟ್ಟಿಗಳು ದಪ್ಪವಾಗಿ ಕೂತಿದ್ದವು. ಹಿಂಬದಿಯ ಅಂಚನ್ನು ಅಷ್ಟೇ ದಪ್ಪಕ್ಕೆ ಸಾಲಾಗಿ ಕತ್ತರಿಸಲಾಗಿತ್ತು; ಅಲ್ಲಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಗೆರೆ ಬೇರೆ. ಅವನು ಮುಂದೆ ಅಂಟಿಸಿದಷ್ಟೂ ಅವಳು ಹಿಂದೆ ಕತ್ತರಿಸಿ, ಡಬ್ಬವನ್ನು ಗೋಡೆಗೆ ದೂಡಿದ್ದಳು. ಮೇಜು ಇದ್ದಲ್ಲಿಂದ ಒಂದಿಂಚೂ ಕದಲಿರಲಿಲ್ಲ.

ಭಾವಮೈದ ಗೋಡೆ ಹಿಡಿದುಕೊಂಡು ನಕ್ಕ. ಮೆಕ್ಯಾನಿಕ್ಕು ಬೈಯಲು ಬಾಯಿ ತೆರೆದ. ಬೈದರೆ ತನ್ನ ಕಳ್ಳತನವನ್ನು ತಾನೇ ಒಪ್ಪಿಕೊಂಡ ಹಾಗೆ. ಮುಚ್ಚಿದ.

“ಭಾವ, ಕತ್ತಲಾಗತ್ತೆ. ಯಾವುದು ತರೋಣ ಹೇಳಿ.”

“ಚಿಕ್ಕದು!” ಹಲ್ಲು ಕಡಿದ. “ಆ ನಡುಗೋ ಶನಿ!”

“ನಡುಗಿದ್ರೆ ನೆಲಕ್ಕೆ ಬೋಲ್ಟ್ ಹೊಡೀರಿ. ಲಿಫ್ಟನ್ನೇ ನಿಲ್ಲಿಸೋರಿಗೆ ಇದೊಂದು ಹೆಚ್ಚಾ?” ಎಂದಳು ಅವಳು. ಎದ್ದು ಬಂದು ಅವನ ಕೈಗೆ ತನ್ನ ದೊಡ್ಡ ಕತ್ತರಿ ಇಟ್ಟಳು.

“ಹೋಗ್ತಾ ಇದನ್ನೂ ಸಾಣೆ ಹಿಡಿಸ್ಕೊಂಡು ಬನ್ನಿ. ರಟ್ಟು ಕತ್ತರಿಸಿ ಕತ್ತರಿಸಿ ಮೊಂಡಾಗಿದೆ.”