ತಿರುವಿನಲ್ಲಿ ನಿಂತವನು

ಶಿರ್ವದ ವೆಲಿಟಾ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟ್ ಹಿಂದಿನ ಫ್ಲಾಟೊಂದರಲ್ಲಿ ಹೋಮ್‌ನರ್ಸ್. ಅವಳು ನೋಡಿಕೊಳ್ಳುತ್ತಿದ್ದ ಡೆನಿಸ್ ಅಂಕಲ್, ಐರ್ಲೆಂಡಿನ ಹಳ್ಳಿಯಿಂದ ಮಗಳು ಊನಾಳ ಮನೆಗೆ ಬಂದವರು. ರಂಜಾನ್ ಮುಗಿದ ವಾರ ಪಾರ್ಶ್ವವಾಯು ಬಡಿದು ಅವರ ಬಲಗೈ, ಮಾತು ಎರಡೂ ಒಟ್ಟಿಗೇ ಹೋದವು.

ಅದಕ್ಕೆ ಮೊದಲು ಅವರ ಬಾಯಲ್ಲಿ ಒಂದೇ ಕಥೆ. ಅವರ ಹಳ್ಳಿಗೂ ಹೊಳೆಯಾಚೆಯ ಹಳ್ಳಿಗೂ ಅಜ್ಜಂದಿರ ಕಾಲದ ಹಗೆ. ಬೇಸಿಗೆ ಬಂತೆಂದರೆ ರಸ್ತೆಯ ಮೇಲೇ ಪಂದ್ಯ. ಅಂಗೈ ತುಂಬುವ ಕಬ್ಬಿಣದ ಗುಂಡನ್ನು ಬೀಸಿ ಬೀಸಿ ಎಸೆಯುತ್ತ ಹೋಗಬೇಕು. ಕಡಿಮೆ ಎಸೆತದಲ್ಲಿ ಗುರಿ ಮುಟ್ಟಿದವನು ಗೆದ್ದ. ಒಂದು ವರ್ಷ ಡೆನಿಸ್ ಗೆದ್ದೇಬಿಟ್ಟರು ಅನ್ನುವಷ್ಟರಲ್ಲಿ, ತಿರುವಿನಲ್ಲಿ ನಿಂತಿದ್ದ ಎದುರಾಳಿ ಫಿಂಟನ್ ಬೂಟುಗಾಲು ಚಾಚಿ ಗುಂಡನ್ನು ಚರಂಡಿಗೆ ತಳ್ಳಿದನಂತೆ. ಆ ಗದ್ದಲದಲ್ಲಿ ಬೇರೆ ಯಾರೂ ನೋಡಲಿಲ್ಲ.

"ಮಗಳಿಗೆ ಹೇಳಿಲ್ವಾ ಅಂಕಲ್?" ಎಂದು ವೆಲಿಟಾ ಕೇಳಿದ್ದಳು.

"ಸೋತವನ ನೆಪ ಅಂತಾಳೆ," ಎಂದಿದ್ದರು.

ಒಂದು ಶನಿವಾರ ಅದೇ ಫಿಂಟನ್ ಹೂಗುಚ್ಛ ಹಿಡಿದು ಬಂದ. ಮಗನ ಮನೆಗೆಂದು ದುಬೈ ಸಿಲಿಕಾನ್ ಓಯಸಿಸ್‌ಗೆ ಬಂದಿದ್ದವನಿಗೆ ಯಾರೋ ವಿಷಯ ಮುಟ್ಟಿಸಿದ್ದರು. ಊರಿನವರು ಬಂದರೆಂದು ಊನಾಳಿಗೆ ಸಂಭ್ರಮವೋ ಸಂಭ್ರಮ. ಚಹಾ ಕುಡಿಯುತ್ತ ಫಿಂಟನ್ ಊನಾಳ ಮಕ್ಕಳನ್ನು ಹತ್ತಿರ ಕರೆದ.

"ನಿಮ್ಮಜ್ಜ ಭಾರೀ ಆಟಗಾರ. ಆದರೆ ಕೊನೆಯ ಎಸೆತದಲ್ಲಿ ಕೈ ನಡುಗಿತು ನೋಡಿ. ಗುಂಡು ಸೀದಾ ಚರಂಡಿಗೆ!"

ಮಕ್ಕಳು ನಕ್ಕರು. ಡೆನಿಸ್ ಎಡಗೈಯಿಂದ ಗಾಲಿಕುರ್ಚಿಯ ಹಿಡಿಯನ್ನು ಬಡಿಯತೊಡಗಿದರು. ಗಂಟಲಿನಿಂದ ಗೊರಗೊರ ಸದ್ದಷ್ಟೇ ಬಂತು.

"ನೋಡಿ, ಅಪ್ಪನಿಗೆ ಎಷ್ಟು ಖುಷಿ!" ಊನಾ ಕಣ್ಣೊರೆಸಿಕೊಂಡಳು.

ವೆಲಿಟಾಗೆ ತಡೆಯಲಾಗಲಿಲ್ಲ. "ಮೇಡಂ, ಅದು ಖುಷಿ ಅಲ್ಲ. ಅಂಕಲ್ ನನಗೆ ಬೇರೆಯೇ ಹೇಳಿದ್ರು. ತಿರುವಿನಲ್ಲಿ ಇವರು…"

ಫಿಂಟನ್ ಕಪ್ಪು ಕೆಳಗಿಟ್ಟ. ಊನಾಳ ಮುಖ ಬಿಗಿಯಿತು. "ವೆಲಿಟಾ, ಅಪ್ಪನಿಗೆ ಸುಸ್ತಾಗಿದೆ. ಒಳಗೆ ಕರ್ಕೊಂಡು ಹೋಗು."

ಕೋಣೆಯಲ್ಲಿ ಅವರನ್ನು ಮಲಗಿಸಿ ವೆಲಿಟಾ ಗಂಡನಿಗೆ ಫೋನು ಮಾಡಿದಳು. ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ರೂಮಿನಲ್ಲಿದ್ದ ಜುವಾಕಿಂ ಎಲ್ಲವನ್ನೂ ಕೇಳಿ, "ನಿಂಗೆ ಎಂತಕ್ಕೆ ಅದೆಲ್ಲ ಮಾರಾಯ್ತಿ? ವೀಸಾ ಅವರ ಕೈಯಲ್ಲಿ ಉಂಟು. ಖಲಾಸ್, ಬಿಟ್ಟುಬಿಡು," ಎಂದ.

ಡೆನಿಸ್ ಅವಳನ್ನೇ ನೋಡುತ್ತಿದ್ದರು. ಅವಳು ಅವರ ಕೈ ಹಿಡಿದುಕೊಂಡು, "ನಾನು ನಂಬ್ತೇನೆ ಅಂಕಲ್," ಎಂದಳು. ಅವರು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದರು. ಅವಳೊಬ್ಬಳು ನಂಬಿ ಏನಾಗಬೇಕಿತ್ತು?

ಹೊರಗೆ ಬಾಗಿಲ ಬಳಿ ಫಿಂಟನ್ ಹೇಳುವುದು ಕೇಳಿಸಿತು: "ಇನ್ನು ಪ್ರತಿ ಶನಿವಾರ ಬರ್ತೇನೆ. ಹಳೆಯದನ್ನು ಕೇಳಿದರೆ ಅವನಿಗೂ ಒಳ್ಳೆಯದು."

"ಖಂಡಿತ ಬನ್ನಿ," ಎಂದಳು ಊನಾ.