ಹನ್ನೊಂದನೆಯ ತಿಂಗಳು

ಎಲ್ಲಿಂದ ಶುರು ಮಾಡುವುದು? ಟೈಲರಮ್ಮ ಬೆಳಿಗ್ಗೆ ಎದ್ದು, ನಲ್ಲಿ ತಿರುಗಿಸಲಾಗದೆ ಗಂಡನನ್ನು ಕೂಗಿದಲ್ಲಿಂದಲೇ? ಬೇಡ. ಓದುಗರೇ, ಮೊದಲ ಸಾಲಿನಲ್ಲೇ ಕಾಯಿಲೆ ಬಂದರೆ ನೀವು ಪುಟ ತಿರುವಿಬಿಡುತ್ತೀರಿ. (ನಿಮ್ಮ ಬೆರಳುಗಳೇನೋ ಚೆನ್ನಾಗಿವೆ.)

೧. (ಹರಿದು ಹಾಕಿದ ಪ್ರತಿ)

ಟೈಲರಮ್ಮನಿಗೆ ಸಂಧಿವಾತ. ಬೆರಳಿನ ಗೆಣ್ಣುಗಳು ಊದಿಕೊಂಡು, ಸೂಜಿಗೆ ದಾರ ಪೋಣಿಸುವುದೂ ಒಂದು ಯುದ್ಧ. ಆದರೂ ಮಗು ಬೇಕೆಂದಳು.

"ಹಾಗಾದ್ರೆ ಈ ಮಾತ್ರೆ ಮೊದಲೇ ನಿಲ್ಲಿಸ್ಬೇಕು, ಮಗುವಿಗೆ ಆಗಿಬರಲ್ಲ," ಎಂದರು ಡಾಕ್ಟರಮ್ಮ.

ನಿಲ್ಲಿಸಿದಳು. ನೋವು ಅವಳನ್ನು ಹಿಂಡಿ ಹಿಪ್ಪೆ ಮಾಡಿತು. ಇಲ್ಲಿಗೆ ಬಂದಾಗ ನಾನೇ ಅತ್ತು ಹಾಳೆ ಹರಿದೆ. (ಸುಳ್ಳು. ಬರೆಯುವುದು ಕಂಪ್ಯೂಟರಿನಲ್ಲಿ, ಡಿಲೀಟ್ ಒತ್ತಿದೆ.)

೨.

ಬಸುರಿಯಾದಳು. ಆಗ ನೋಡಿ ಮಜಾ: ನೋವು ಹೇಳದೆ ಕೇಳದೆ ಗಂಟುಮೂಟೆ ಕಟ್ಟಿತು. ಹಲವರಿಗೆ ಹೀಗಾಗುವುದುಂಟಂತೆ. ಟೈಲರಮ್ಮ ಮನೆಯ ಡಬ್ಬಗಳ ಮುಚ್ಚಳವನ್ನೆಲ್ಲ ಸುಮ್ಮಸುಮ್ಮನೆ ತೆಗೆದು ಮುಚ್ಚಿದಳು. ಅಷ್ಟು ವರ್ಷ ಮುಚ್ಚಳ ತೆಗೆದುಕೊಟ್ಟೇ ಸಂಸಾರ ಮಾಡಿದ್ದ ಗಂಡ, ಕೆಲಸ ಕಳೆದುಕೊಂಡವನಂತೆ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಮತ್ತೆ ಮಾತ್ರೆ ಯಾಕೆ ದಂಡಕ್ಕೆ?" ಅಂದರು ಅತ್ತೆ. "ವರ್ಷಕ್ಕೊಂದು ಹೆತ್ತರಾಯ್ತು."

"ಸಾಕೋದು ನೀವಾದ್ರೆ ನಾನು ರೆಡಿ, ಅತ್ತೆ."

ಅತ್ತೆಗೆ ತಕ್ಷಣ ಸೊಂಟನೋವು ಬಂತು.

೪. (ಮೂರು ಬರೆಯಲು ಧೈರ್ಯವಾಗಲಿಲ್ಲ.)

ಹೆರಿಗೆಯಾದ ಮೇಲೆ ನೋವು ಸಾಮಾನ್ಯವಾಗಿ ವಾಪಸ್ಸು ಬರುತ್ತದೆ ಎಂದು ಓದಿದ್ದೆ. ಇದನ್ನು ಅವಳಿಗೆ ಯಾವ ಬಾಯಲ್ಲಿ ಹೇಳಲಿ? ಅದಕ್ಕೇ ಹೆರಿಗೆಯನ್ನೇ ಮುಂದೂಡಿದೆ. ಹತ್ತು ತಿಂಗಳು ತುಂಬಿತು. ಹನ್ನೊಂದಕ್ಕೆ ಬಿತ್ತು. ಟೈಲರಮ್ಮ ಹೊಟ್ಟೆ ಹೊತ್ತುಕೊಂಡು ನನ್ನ ಪ್ಯಾರಾಗ್ರಾಫಿಗೇ ನುಗ್ಗಿದಳು.

"ಏನಪ್ಪಾ, ಇದು ಹೊಟ್ಟೆನೋ ಗೋಡೌನೋ?"

"ನಿಮ್ಮ ಒಳ್ಳೇದಕ್ಕೇ ಕಣಮ್ಮಾ..."

"ನೋವು ವಾಪಸ್ ಬರುತ್ತೆ ಅಂತ ತಾನೆ? ಡಾಕ್ಟರಮ್ಮ ಯಾವತ್ತೋ ಹೇಳಿದಾರೆ."

ಚೀಲದಿಂದ ಪುಟ್ಟ ಪುಟ್ಟ ಅಂಗಿಗಳನ್ನು ಮೇಜಿನ ಮೇಲೆ ಸುರಿದಳು. ಒಂದಕ್ಕೂ ಗುಂಡಿಯಿಲ್ಲ, ಹುಕ್ಕಿಲ್ಲ, ಲಾಡಿಯಿಲ್ಲ. ಎಲ್ಲಕ್ಕೂ ಅಗಲವಾದ ವೆಲ್ಕ್ರೋ ಪಟ್ಟಿ.

"ಕೈ ಚೆನ್ನಾಗಿದ್ದಾಗ್ಲೇ ಹೊಲಿದಿಟ್ಟೆ. ಬೆರಳು ಮಡಚದಿದ್ರೂ ಅಂಗೈಯಲ್ಲಿ ಎಳೀಬಹುದು." ಒಂದು ಅಂಗಿಯನ್ನು ಮಡಚಿಟ್ಟಳು. "ಹೆದರಿಕೆ ಇಲ್ಲ ಅಂತಲ್ಲ. ಎತ್ಕೊಳ್ಳೋವಾಗ ಕೈ ಜಾರಿದ್ರೆ ಅಂತ ನಿದ್ದೆ ಬರಲ್ಲ. ಆದ್ರೂ ಮಗು ಬೇಕು. ಬರಿ."

ನನಗೆ ನಾಚಿಕೆಯಾಯಿತು. ಬರೆದೆ. ಹೆಣ್ಣುಮಗು.

ಮುಕ್ತಾಯ ಅ: ಹಾಲೂಡಿಸುವವರಿಗೂ ಆಗುವಂಥ ಹೊಸ ಮಾತ್ರೆ ಕೊಟ್ಟರು, ಒಂದೇ ವಾರದಲ್ಲಿ ನೋವು ಮಾಯ. (ಟೈಲರಮ್ಮ: "ಇಷ್ಟು ಬೇಗಾನಾ? ಓದೋರು ನಿನ್ನ ಮುಖಕ್ಕೆ ಉಗೀತಾರೆ.")

ಮುಕ್ತಾಯ ಆ: ಯಾವ ಮಾತ್ರೆಯೂ ಹಿಡಿಯಲಿಲ್ಲ. ("ನಿನ್ನ ಬಾಯಿಗೆ ಮಣ್ಣು ಬೀಳ!")

ಮುಕ್ತಾಯ ಇ: ಬೆಳಗಾಗಿದೆ. ಗಂಡ ನಲ್ಲಿ ತಿರುಗಿಸಿಕೊಡುತ್ತಿದ್ದಾನೆ, ಮತ್ತೆ ಕೆಲಸ ಸಿಕ್ಕ ಗತ್ತಿನಲ್ಲಿ. ಕೋಣೆಯಲ್ಲಿ ಮಗು ಅಳುತ್ತಿದೆ. ಟೈಲರಮ್ಮ ಒಳಗೆ ಹೋದಳು. ಅವಳ ಬೆರಳುಗಳು ಇವತ್ತು ಮಡಚುತ್ತವೋ ಇಲ್ಲವೋ ನಾನಿನ್ನೂ ತೀರ್ಮಾನಿಸಿಲ್ಲ. ಯೋಚಿಸುತ್ತ ಕೂತಿದ್ದೇನೆ, ಅಷ್ಟರಲ್ಲಿ ಒಳಗಿನಿಂದ ಚರ್ರ್ ಎಂದು ವೆಲ್ಕ್ರೋ ಬಿಚ್ಚಿದ ಸದ್ದು. ಹಿಂದೆಯೇ, "ಬಾ ಕಂದಾ."

ಇದನ್ನು ನಾನು ಬರೆದಿರಲಿಲ್ಲ.